ಡಿಫರೆನ್ಸ್ ಎಷ್ಟು?

ಬ್ಯಾಂಕಿನಲ್ಲಿ ಎಲ್ಲದಕ್ಕೂ ಒಂದು ರಿಜಿಸ್ಟರ್ ಇರುತ್ತಿತ್ತು. ಬಂದವರ ಸಹಿಗೆ ಹಾಜರಿ ಪುಸ್ತಕ, ತಡವಾಗಿ ಬಂದವರಿಗೆ ಅದರಲ್ಲೇ ಕೆಂಪು ಗುರುತು, ತಿಜೋರಿಯ ಬೀಗದ ಕೈ ಯಾರ ಬಳಿ ಇದೆಯೆಂಬುದಕ್ಕೆ ಕೀ ರಿಜಿಸ್ಟರ್, ಗ್ರಾಹಕರು ಸಿಟ್ಟು ತೀರಿಸಿಕೊಳ್ಳಲು ದೂರು ಪುಸ್ತಕ. ಒಬ್ಬರು ಇನ್ನೊಬ್ಬರಿಗೆ ಮಾಡಿದ ಉಪಕಾರ ಮಾತ್ರ ಯಾವ ಪುಸ್ತಕಕ್ಕೂ ಏರುತ್ತಿರಲಿಲ್ಲ. ಒಳ್ಳೆಯದೇ ಆಯಿತು. ಏರಿದ್ದರೆ ಆಡಿಟರ್ ಬಂದು ಕನ್ನಡಕದ ಮೇಲಿನಿಂದ ನೋಡುತ್ತಾ, "ಜೂನ್ ತಿಂಗಳಲ್ಲಿ ಉಪಕಾರ ಕಮ್ಮಿ ಆಗಿದೆಯಲ್ಲ, ಯಾಕೆ?" ಎನ್ನುತ್ತಿದ್ದರು. ನಾವು "ಮುಂದೆ ಸರಿಪಡಿಸಿಕೊಳ್ಳಲಾಗುವುದು" ಎಂದು ಬರೆದು ಸಹಿ ಹಾಕಿ, ಮುಂದಿನ ಜೂನ್‌ವರೆಗೆ ಮರೆಯುತ್ತಿದ್ದೆವು.

ನಾನು ಹೇಳುತ್ತಿರುವುದು ಕಂಪ್ಯೂಟರ್ ಬರುವ ಮುಂಚಿನ ಮಾತು. ಸಂಜೆ ಡೆಬಿಟ್ಟು ಕ್ರೆಡಿಟ್ಟು ಎರಡೂ ಕೂಡಿ, ಮೊತ್ತ ಸಮ ಬಂದರೆ ಮನೆಗೆ. ಬರದಿದ್ದರೆ ಬರುವ ತನಕ ಹುಡುಕಾಟ. ಆ ಹೊತ್ತಿಗೆ ಇಡೀ ಶಾಖೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಡಿಫರೆನ್ಸ್ ಎಷ್ಟು?" ಸಂಖ್ಯೆ ಹೇಳಿದ ಕೂಡಲೇ ಮೂಲೆಯ ಮೇಜಿನಿಂದ ನಮ್ಮ ಸ್ಪೆಷಲ್ ಅಸಿಸ್ಟೆಂಟರ ದನಿ ಬರುತ್ತಿತ್ತು: "ಒಂಬತ್ತರಿಂದ ಭಾಗ ಹೋಗುತ್ತಾ ನೋಡ್ರೀ." ಹೋದರೆ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆಂದು ಗುಮಾನಿ. 8,150 ಅನ್ನು 8,510 ಎಂದು ಬರೆದರೆ ವ್ಯತ್ಯಾಸ 360. ಯಾವ ಎರಡು ಅಂಕಿ ಜಾಗ ಬದಲಿಸಿದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬಂದು ಬೀಳುತ್ತದೆ. ಭಾಗ ಹೋಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಅಷ್ಟರದೇ ವೋಚರ್ ಯಾವುದಾದರೂ ಡೆಬಿಟ್ ಆಗುವ ಬದಲು ಕ್ರೆಡಿಟ್ ಆಗಿದೆಯೇ ಎಂದು ತಡಕುವುದು.

ಈ ಮಹಾಶಯರ ಲೆಡ್ಜರು ಎಂದೋ ಟ್ಯಾಲಿ ಆಗಿರುತ್ತಿತ್ತು. ಚೀಲ ಹೆಗಲಿಗೇರಿರುತ್ತಿತ್ತು. ಅವರ ಊರಿಗೆ ಕೊನೆಯ ಬಸ್ಸು ಏಳೂವರೆಗೆ. ಆದರೂ ಬಾಗಿಲ ತನಕ ಹೋಗಿ, ನಮ್ಮ ಮುಖಗಳನ್ನೊಮ್ಮೆ ನೋಡಿ, ಚೀಲವನ್ನು ದಪ್ಪನೆ ಕೆಳಗಿಟ್ಟು, "ಈ ನೌಕರಿಗೆ ಸೇರಿದ್ದೇ ನನ್ನ ಗ್ರಹಚಾರ, ತನ್ನಿ ಆ ವೋಚರ್ ಕಟ್ಟು" ಎನ್ನುವರು. ಬೈಯುತ್ತಲೇ ಹುಡುಕುವರು. ಹೆಬ್ಬೆಟ್ಟಿಗೆ ಎಂಜಲು ಹಚ್ಚಿ ಹಾಳೆ ತಿರುವುವರು. ತಪ್ಪು ಸಿಕ್ಕಿತೆಂದರೆ ಅಲ್ಲೊಂದು ಪೆನ್ಸಿಲ್ ಚುಕ್ಕೆ ಇಟ್ಟು, ಸುಮ್ಮನೆ ಎದ್ದು ಹೋಗಿ, ಬರೆದವನ ಮೇಜಿನ ಮೇಲೆ ಪುಸ್ತಕ ಇಟ್ಟು, "ಇಲ್ಲೊಂದ್ಸಲ ನೋಡಪ್ಪ" ಎಂದು ಪಿಸುಗುಟ್ಟಿ ಬರುವರು. ಮ್ಯಾನೇಜರರು ಕ್ಯಾಬಿನ್ನಿನಿಂದ ಇಣುಕಿ, "ಯಾರದ್ರೀ ತಪ್ಪು?" ಎಂದರೆ ಉತ್ತರ: "ಸಿಕ್ತಲ್ಲ ಬಿಡಿ ಸಾರ್." ಬಸ್ಸು ಬಿಟ್ಟುಕೊಟ್ಟು ಉಳಿಯುವುದು ದೊಡ್ಡದೇ. ನನಗೆ ಮಾತ್ರ ಆ "ಬಿಡಿ ಸಾರ್" ಅದಕ್ಕಿಂತ ಒಂದು ತೂಕ ಹೆಚ್ಚು.

ಕಚೇರಿಯ ಉಪಕಾರ ಹೀಗೆ ಗೊಣಗಾಟದ ವೇಷದಲ್ಲೇ ಓಡಾಡುತ್ತದೆ. ಕೌಂಟರ್ ಬಿಟ್ಟು ಏಳಲಾಗದ ಕ್ಯಾಷಿಯರರ ಕಾಫಿಗೆ ಸಾಸರ್ ಮುಚ್ಚಿಡುತ್ತಿದ್ದ ಅಟೆಂಡರ್, ಇಡುವಾಗ "ಇನ್ನು ಬಿಸಿ ಮಾಡಿಕೊಡೋಕೆ ಇದೇನು ನಿಮ್ಮ ಮಾವನ ಮನೆಯಾ?" ಎನ್ನದೆ ಇಡುತ್ತಿರಲಿಲ್ಲ. ಬೈಟು ಹೇಳಿದಾಗ ಎರಡು ಲೋಟಗಳಲ್ಲಿ ಒಂದು ಗುಟುಕು ಹೆಚ್ಚಿರುವುದನ್ನು ಯಾರೋ ನಮ್ಮ ಕಡೆ ತಳ್ಳಿರುತ್ತಾರೆ. ತಳ್ಳುವಾಗ ಕ್ರಿಕೆಟ್ ಸ್ಕೋರ್ ಕೇಳಿ ಗಮನ ಬೇರೆಡೆ ತಿರುಗಿಸಿರುತ್ತಾರೆ. ಮಾಡಿದ್ದನ್ನು ಲೆಕ್ಕ ಇಡುವ ಜಾತಿಯೂ ಉಂಟು. "ಆವತ್ತು ನಿಮಗೆ ರಜೆ ಸಿಕ್ಕಿದ್ದೇ ನನ್ನಿಂದ" ಎಂದು ಪ್ರತಿ ದೀಪಾವಳಿಗೆ ನೆನಪಿಸುವವರು. ಅವರಿಗಿಂತ ಸಾಲ ಕೊಟ್ಟವನು ವಾಸಿ, ಅವನಿಗೆ ತೀರಿಸಿ ರಸೀದಿ ಪಡೆಯಬಹುದು.

2018ರಲ್ಲಿ ಅಚ್ಚಾದ ಒಂದು ಸಂಶೋಧನೆಯ ಬಗ್ಗೆ ಓದಿ ನಗು ಬಂತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಕೋಕಾ-ಕೋಲಾ ನೌಕರರಲ್ಲಿ ಕೆಲವರನ್ನು ಆರಿಸಿ, ನಾಲ್ಕು ವಾರ ಕಾಲ ಗೊತ್ತುಮಾಡಿದ ಸಹೋದ್ಯೋಗಿಗಳಿಗೆ ಸಣ್ಣಪುಟ್ಟ ಒಳಿತು ಮಾಡಿ ಎಂದರಂತೆ. ಮಾಡಿಸಿಕೊಂಡವರಿಗೆ ಈ ಏರ್ಪಾಟಿನ ಸುಳಿವಿಲ್ಲ. ನಮ್ಮ ಶಾಖೆಯಲ್ಲಾಗಿದ್ದರೆ ಎರಡನೆಯ ದಿನಕ್ಕೇ "ಜಾಮೀನು ಸಹಿ ಬೇಕಾ?" ಎಂದು ಕೇಳುತ್ತಿದ್ದರು. ಆದರೆ ಫಲಿತಾಂಶ ನಗುವಂಥದ್ದಲ್ಲ. ಪಡೆದವರು ಎರಡು ತಿಂಗಳ ಮೇಲೆ ಹೆಚ್ಚು ಸಂತೋಷವಾಗಿದ್ದರು. ಕೊಟ್ಟವರಿಗೆ ಬಾಳೂ ಕೆಲಸವೂ ಮೊದಲಿಗಿಂತ ಹಿತವೆನಿಸಿತ್ತು. ಅಷ್ಟೇ ಅಲ್ಲ, ಪಡೆದವರು ತಾವೂ ಬೇರೆಯವರಿಗೆ ಮಾಡತೊಡಗಿದ್ದರು. ಅಂದರೆ ಅವರು ಗಮನಿಸಿದ್ದರು. ಇದು ನನಗೆ ಮುಖ್ಯವೆನಿಸಿತು. ಸಂಬಳದ ಸಂತೋಷ ಇಷ್ಟು ಬಾಳುವುದಿಲ್ಲ. ಬ್ಯಾಂಕಿನವರಿಗೆ ಐದು ವರ್ಷಕ್ಕೊಮ್ಮೆ ವೇತನ ಒಪ್ಪಂದದ ಸಡಗರ. ಅರಿಯರ್ಸ್ ಕೈಗೆ ಬಂದು ಮನೆಗೊಂದು ಫ್ರಿಜ್ಜು ಬರುವ ತನಕ ಅದರ ಖುಷಿ. ಸೋಮವಾರ ಬೆಳಿಗ್ಗೆ ಶಾಖೆಯ ಮೆಟ್ಟಿಲು ಹತ್ತಿಸುತ್ತಿದ್ದುದು ಒಳಗೆ ಗೊಣಗುವವರೊಬ್ಬರು ಇದ್ದಾರೆಂಬ ಧೈರ್ಯ.

ಈಗಿನ ಕಚೇರಿಗಳಲ್ಲಿ ಉಪಕಾರವನ್ನು ದಾಖಲಿಸುವುದಕ್ಕೂ ವ್ಯವಸ್ಥೆಯಿದೆ. ನನ್ನ ತಮ್ಮನ ಮಗಳು ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಸಹಾಯ ಮಾಡಿದವರಿಗೆ ಆ್ಯಪ್‌ನಲ್ಲಿ ಪಾಯಿಂಟು ಕೊಡಬಹುದಂತೆ. ಕಾರಣ ಬರೆಯಲೇಬೇಕು, ಅದು ಟೀಮಿಗೆಲ್ಲ ಕಾಣುತ್ತದೆ. ಮೊನ್ನೆ ಮನೆಯಿಂದಲೇ ದೊಡ್ಡದೊಂದು ಮೀಟಿಂಗ್‌ನಲ್ಲಿದ್ದಳು. ಬಾಸ್ ಮಾತಾಡುತ್ತಿದ್ದಾಗ ಅಡುಗೆಮನೆ ಕಡೆ ತಿರುಗಿ, ಅತ್ತೆ ಮಾಡಿದ ಸಾರಿನ ಬಗ್ಗೆ ಗಂಡನ ಬಳಿ ತನ್ನ ವಿಮರ್ಶೆ ಶುರುಮಾಡಿದ್ದಾಳೆ. ಮೊದಲ ವಾಕ್ಯ ಮುಗಿಯುವ ಮುಂಚೆ ಪುಣೆಯಲ್ಲಿರುವ ಹುಡುಗನೊಬ್ಬ "ಮೈಕ್ ಆನ್ ಇದೆ" ಎಂದು ಅವಳೊಬ್ಬಳಿಗೇ ಮೆಸೇಜ್ ಹಾಕಿ, ಮರುಕ್ಷಣ ತನ್ನ ಮೈಕಿನಲ್ಲಿ ಜೋರಾಗಿ ಕೆಮ್ಮಿದನಂತೆ. ಕೆಮ್ಮಿನಲ್ಲಿ ಸಾರು ಮುಳುಗಿತು.

"ಅವನಿಗೆ ಪಾಯಿಂಟು ಕೊಟ್ಟೆಯೇನಮ್ಮ?" ಎಂದೆ.

"ಹೇಗೆ ಕೊಡ್ಲಿ ದೊಡ್ಡಪ್ಪ? ಕಾರಣದ ಜಾಗದಲ್ಲಿ ಏನಂತ ಬರೀಲಿ?"