ಚಾಯ್ಸ್ ಒಂದೇ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಸಂಜೆ ತುಮಕೂರು ಜಿಲ್ಲೆಯ ನಮ್ಮಕ್ಕನ ಮನೆ ಪಡಸಾಲೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಸೇರುವಷ್ಟು ಜನ ಸೇರಿದ್ದರು. ಚಾಪೆ, ಖಾರಾಬೂಂದಿ, ಕಾಫಿ ಎಲ್ಲ ಇತ್ತು. ಹೆಣ್ಣು ಕೂರುವ ಜಾಗದಲ್ಲಿ ಸೋದರಳಿಯ ತಲೆ ತಗ್ಗಿಸಿ ಕೂತಿದ್ದ. ವ್ಯತ್ಯಾಸ ಇಷ್ಟೇ: ಹೆಣ್ಣನ್ನು 'ಒಪ್ಪಿಗೇನಮ್ಮಾ?' ಅಂತ ಶಾಸ್ತ್ರಕ್ಕಾದರೂ ಕೇಳುತ್ತಾರೆ.

ಹುಡುಗನಿಗೆ 625ಕ್ಕೆ 563. ಕನ್ನಡ 124, ಸಮಾಜ 99, ಲೆಕ್ಕ 71.

"ಸಮಾಜದಲ್ಲಿ 99 ಅಂದ್ರೆ ಬಾಯಿಪಾಠ ಗಟ್ಟಿ. ಬಯಾಲಜಿ ಕೊಡ್ಸಿ, ಡಾಕ್ಟ್ರಾಗ್ತಾನೆ" ಎಂದರು ಭಾವನ ಅಣ್ಣ. ಅವರು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ.; ಸದ್ಯ ಸಿಮೆಂಟ್ ಅಂಗಡಿ. ಲೆಕ್ಕ 71ಕ್ಕೇ ನಿಂತಿದೆಯಲ್ಲ ಎಂದರೆ, "ಪಿಸಿಎಂಬಿ ತಗೊಂಡ್ರೆ ತಾನಾಗೇ ಸರಿಹೋಗುತ್ತೆ" ಎಂದರು. ಈಜು ಬಾರದವನನ್ನು ಬಾವಿಗೆ ತಳ್ಳಿ ಕಲಿಸುವ ಹಳೇ ಪದ್ಧತಿ. "ಕಂಪ್ಯೂಟರ್ ಸೈನ್ಸೇ ಆಗ್ಬೇಕು" ಎಂದ ಚಿಕ್ಕಪ್ಪನ ಮಗ ಮೆಕ್ಯಾನಿಕಲ್ ಬಿ.ಇ.; ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರು. ಕೆಮಿಸ್ಟ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನೂ ಗಂಟಲು ಸರಿಮಾಡಿಕೊಂಡೆ. ಓದಿದ್ದನ್ನೇ ಮಾಡುತ್ತಿರುವವರು ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಹಾಗಾಗಿ ಸಲಹೆಗೆ ಬರವಿರಲಿಲ್ಲ.

ಕನ್ನಡದ 124ನ್ನು ಯಾರೂ ಎತ್ತಲಿಲ್ಲ. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಮೀಸಲಾತಿ ಇದೆಯೆಂದು ಯಾರೋ ನೆನಪಿಸಿದಾಗ ಮಾತ್ರ ಅಕ್ಕ, "ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಅದೂ ಹೋಯ್ತು" ಎಂದು ತಾಯ್ನುಡಿಗಾಗಿ ನಿಟ್ಟುಸಿರುಬಿಟ್ಟಳು.

ನಮ್ಮಲ್ಲಿ ಮಾರ್ಕ್ಸಿಗೂ ಪಂಕ್ತಿಯುಂಟು. ಮೊದಲ ಪಂಕ್ತಿ ಸೈನ್ಸು, ಎರಡನೆಯದು ಕಾಮರ್ಸು, ಮಿಕ್ಕಿದ್ದು ಆರ್ಟ್ಸಿಗೆ. ಐಟಿಐಗೆ ಹೋಗುವವನು ಕೈತೊಳೆಯುವ ತೊಟ್ಟಿಯ ಪಕ್ಕ ನಿಂತಿರಬೇಕು. ಬೋರ್‌ವೆಲ್ ಮೋಟಾರು ಸುಟ್ಟ ದಿನ ಮಾತ್ರ ಅವನಿಗೇ ಮೊದಲ ಎಲೆ.

"ಮಾವ, ನಂಗೆ ಹಿಸ್ಟರಿ ಇಷ್ಟ. ಎಚ್‌ಇಪಿಎಸ್ ತಗೊಳ್ಳಾ?"

ಬೂಂದಿ ಅಗಿಯುವ ಸದ್ದೂ ನಿಂತಿತು. ಯಾರ ಕಣ್ಣು ಬಿತ್ತೋ ಎಂದು ಅಜ್ಜಿ ಉಪ್ಪು-ಮೆಣಸಿನಕಾಯಿ ತರಲು ಎದ್ದರು. "ಹಿಸ್ಟರಿ ಓದಿ ಏನ್ ಕಿತ್ತು ಗುಡ್ಡೆ ಹಾಕ್ತೀಯೋ?" ಎಂದು ಗುಡುಗಿದ ಭಾವ, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: "ಜಾತಿ-ಆದಾಯ ಸರ್ಟಿಫಿಕೇಟ್ ಆಗ್ಬೇಕು. ತಹಸೀಲ್ದಾರ್ ಸಾಹೇಬ್ರಿಗೆ ಒಂದ್ ಮಾತು ಹೇಳ್ತೀಯಾ?" ಸಾಹೇಬರು ಇತಿಹಾಸ ಓದಿಕೊಂಡೇ ಕೆಎಎಸ್ ಪಾಸಾಗಿ ಆ ಕುರ್ಚಿಗೆ ಬಂದವರು. ನಾನು ಹೇಳಲಿಲ್ಲ, ಕಾಫಿ ಇನ್ನೂ ಅರ್ಧ ಲೋಟ ಉಳಿದಿತ್ತು.

ಹೋದ ವರ್ಷ ಸಿಇಟಿ ಕೌನ್ಸೆಲಿಂಗ್ ಮುಗಿಸಿದ್ದ ಅಕ್ಕನ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅಪ್ಪಾ, ಕೆಇಎನೇ ನಂಗೆ ನಾಲ್ಕು ಚಾಯ್ಸ್ ಕೊಟ್ಟಿತ್ತು. ಒಂದು, ಕೊಟ್ಟ ಸೀಟು ಒಪ್ಪಿ ಸೇರೋದು. ಎರಡು, ಒಪ್ಪಿದ್ರೂ ಇನ್ನೂ ಒಳ್ಳೇದಕ್ಕೆ ಕಾಯೋದು. ಮೂರು, ಇದು ಬೇಡ, ಮುಂದಿನ ರೌಂಡ್ ನೋಡೋಣ. ನಾಲ್ಕು, ನಿಮ್ಮ ಸಹವಾಸವೇ ಬೇಡ. ಇವನಿಗೆ ಎಷ್ಟು ಕೊಡ್ತೀರಿ?"

ಭಾವ ಬೀರುವಿನಿಂದ ಒಂದು ಫೈಲು ತಂದು ಚಾಪೆಯ ಮೇಲಿಟ್ಟರು. ಕರಾವಳಿಯ ಯಾವುದೋ ಹಾಸ್ಟೆಲ್ ಕಾಲೇಜು, ಪಿಸಿಎಂಬಿ, ನೀಟ್ ಕೋಚಿಂಗ್ ಸಮೇತ. ಡಿಸೆಂಬರಿನಲ್ಲೇ ಕಟ್ಟಿದ ಅಡ್ವಾನ್ಸಿನ ರಶೀದಿ, ಅದರ ಹಿಂದೆ ಅರ್ಜಿಯ ಜೆರಾಕ್ಸು.

'ವಿದ್ಯಾರ್ಥಿಯ ಸಹಿ' ಎಂದಿದ್ದ ಕಡೆ ಭಾವನ ಸಹಿ ದುಂಡಗೆ ಬಿದ್ದಿತ್ತು.