ಪುರಃಸರ ನಾದರಂಗ ಮೀಮಾಂಸೆ: ಕುಂದಗೋಳ ತಾಲೂಕಿನ ವಿಶೇಷ ಅನುಲಕ್ಷ್ಯದಲ್ಲಿ ಒಂದು ವಿಶ್ಲೇಷಣಾತ್ಮಕ ಅಧ್ಯಯನ

ಮನೆಗೆ ಸ್ಪೀಕರ್ ತರುವುದೆಂದರೆ ಬರೀ ಸ್ಪೀಕರ್ ತರುವುದಲ್ಲ. ಅದು ಶ್ರೋತೃಕೇಂದ್ರಿತ ನಾದಾವಕಾಶದ ಸಂರಚನಾತ್ಮಕ ಪುನರ್ವಿನ್ಯಾಸ ಎಂಬುದು ಪ್ರಸ್ತುತ ಅಧ್ಯಯನದ ಪ್ರಾಕ್ಕಲ್ಪನೆ. ಈ ವಾಕ್ಯ ನನಗೂ ತಿಳಿದಿಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಎರಡು ತಾಸು ಕೂತು ಬಂದ ಮೇಲೆ ನನ್ನ ಕನ್ನಡ ಹೀಗಾಗಿದೆ.

ಮೊದಲು ವ್ಯಾಖ್ಯೆ. ಹಾಡುವವರು ಎರಡು ಪೆಟ್ಟಿಗೆಗಳ ಹಿಂದೆ, ಗೋಡೆಯಾಚೆ ಕೂತಂತೆ ಕೇಳಿದರೆ ಅದು ‘ಪಶ್ಚಾದ್ಗತ ನಾದರಂಗ’. ಪೆಟ್ಟಿಗೆಗಳ ಸಾಲು ದಾಟಿ ನಮ್ಮ ಚಹಾದ ಬಸಿಯ ತನಕ ಬಂದರೆ ‘ಪುರಃಸರ ನಾದರಂಗ’. ಇದರ ಹಿಂದಿನ ಗುಟ್ಟು ಮಾತ್ರ ಬಲು ಸಾದಾ. ಮನುಷ್ಯನ ಕಿವಿ ಸುಮಾರು 2,000ದಿಂದ 5,000 ಹರ್ಟ್ಜ್ ನಡುವೆ ಎಲ್ಲಕ್ಕಿಂತ ಚುರುಕು. ಆ ಭಾಗವನ್ನು ಒಂದೆರಡು ಡೆಸಿಬೆಲ್ ಎತ್ತಿಕೊಟ್ಟರೆ ಗಾಯಕ ಎದ್ದು ಮುಂದೆ ಬರುತ್ತಾನೆ, ತಗ್ಗಿಸಿದರೆ ಹಿಂದೆ ಸರಿದು ಕೂರುತ್ತಾನೆ. ಬಿಬಿಸಿಯ ಎಂಜಿನಿಯರರ ಕೈಯಿಂದ ಬಂದ ಹಳೆಯ ಕೆಲವು ಸ್ಪೀಕರುಗಳು ಹಾಗೆ ಹಿಂದೆ ಕೂರಿಸಿದವು. ಇಷ್ಟನ್ನು ಹೇಳಲು ಅಂಗಡಿಯವರಿಗೆ ಎರಡು ತಾಸು ಬೇಕಾಯಿತು, ಯಾಕೆಂದರೆ ಅವರು ಇದನ್ನು ಹೇಳಲಿಲ್ಲ.

ಪುರಃಸರತೆಯಲ್ಲಿ ಎಂಟು ವಿಧ. ಒಂದು, ಕಟ್ಟೆಯ ತನಕ ಬರುವ ‘ಅಂಗಣಸ್ಪರ್ಶಿ’. ಎರಡು, ಬಂದು ತೊಡೆಯ ಮೇಲೇ ಕೂರುವ ‘ಊರ್ವಾರೋಹಿ’. ಮೂರು, ಅರ್ಧ ತಾಸಿಗೆ ತಲೆಶೂಲೆ ಎಬ್ಬಿಸುವ ‘ಶಿರೋವೇಧಿ’. ಉಳಿದ ಐದನ್ನು ಪಿಎಚ್‌.ಡಿ. ಮಾಡುವವರಿಗೆ ಬಿಟ್ಟಿದ್ದೇನೆ, ಅವರಿಗೂ ಅಧ್ಯಾಯಗಳು ಬೇಕಲ್ಲ.

ಕ್ಷೇತ್ರಕಾರ್ಯ. ನಾನು ಪೆನ್‌ಡ್ರೈವಿನಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ಭೈರವಿ ಒಯ್ದಿದ್ದೆ. ಅಂಗಡಿಯವರು ಕಣ್ಣು ಮುಚ್ಚಿ, ಬೆರಳೆತ್ತಿ ತೋರಿಸಿದರು: ‘ನೋಡ್ರಿ ಸರ್, ತಂಬೂರಿ ಎಡಕ್ಕ, ತಬಲಾ ಬಲಕ್ಕ, ಖಾನ್‌ಸಾಹೇಬ್ರು ನಡುವ, ಎರಡು ಫೂಟು ಮುಂದ.’ ಖಾನ್‌ಸಾಹೇಬರು ತೀರಿಕೊಂಡದ್ದು 1937ರಲ್ಲಿ. ಅವರ ಅಷ್ಟೂ ತಟ್ಟೆಗಳು ಮೋನೋ. ಅವುಗಳಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಎಲ್ಲರೂ ಒಂದೇ ಬಿಂದುವಿನಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದಾರೆ. ನಾನು ಬಾಯಿ ಬಿಡಲಿಲ್ಲ. ‘ಕೇಳಸ್ತೈತಿಲ್ರಿ?’ ಅಂದರು. ‘ಕೇಳಸ್ತೈತ್ರಿ’ ಅಂದೆ. ಆ ಸಲದ ಹೆಸರುಕಾಳಿನ ದುಡ್ಡು ಅಲ್ಲೇ ಎಣಿಸಿ ಬಂದೆ. ಈ ಪ್ರಬಂಧದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಮನೆಯಲ್ಲಿ ಹಚ್ಚಿದರೆ ಶಿರೋವೇಧಿ! ಸ್ಪೀಕರಿನ ತಪ್ಪು ಪೂರ್ತಿ ಅಲ್ಲ. ಅಜ್ಜನ ಕಾಲದ ಮೇಲ್ಮುದ್ದಿ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ದೇವೆ, ನೆಲಕ್ಕೆ ಟೈಲ್ಸ್. ಮಣ್ಣಿನ ದಪ್ಪ ಗೋಡೆ, ಮೂಲೆಯ ಕಾಳಿನ ಚೀಲಗಳು ನುಂಗುತ್ತಿದ್ದ ಸದ್ದನ್ನು ಈ ಕೋಣೆ ಮುಖಕ್ಕೇ ತಿರುಗಿ ಎಸೆಯುತ್ತದೆ. ಇಂಥ ಕೋಣೆಗೆ ಮುಂದೆ ಬರುವ ಸ್ಪೀಕರು ತರಲೇಬಾರದು, ತಂದರೆ ಮೂತಿಯನ್ನು ಕಿವಿಗೆ ನೇರ ಹಿಡಿಯದೆ ತುಸು ಓರೆ ಇಡಬೇಕು. ನವಲಗುಂದದ ಜಮಖಾನೆಯೊಂದನ್ನು ಪಕ್ಕದ ಗೋಡೆಗೆ ನಾಲ್ಕು ಬೆರಳು ಜಾಗ ಬಿಟ್ಟು ತೂಗಹಾಕಿದೆ. ಹತ್ತಿಯ ನೂಲಿನದು, ತೆಳು. ಮೇಲಿನ ಚೀರುದನಿಯನ್ನಷ್ಟೇ ಹೀರಿತು. ಮನೆಯೊಳಗೇ ಕೂತು ಹೆಣ್ಣುಮಕ್ಕಳು ನೇಯುವ ಜಮಖಾನೆ ಅದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ, ನೇಯುವ ಕೈಗಳೇ ಕಡಿಮೆಯಾಗಿವೆ. ನಾದರಂಗದ ಲೆಕ್ಕದಲ್ಲಿ ಇದು ಬರುವುದಿಲ್ಲ, ಆದರೂ ಬರೆದೆ.

ಇನ್ನು ಪುರಃಸರತೆಯ ಪರಾಕಾಷ್ಠೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಗಣಪತಿ ಕಳಿಸುವ ದಿನ ಓಣಿಯಲ್ಲಿ ನಿಂತರೆ ಸಾಕು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಗಳ ಗೋಡೆ. ನಾದರಂಗವು ಕಿವಿಯನ್ನು ಬಿಟ್ಟು ಎದೆಗೂಡಿನಲ್ಲಿ ಸ್ಥಾಪನೆಗೊಳ್ಳುವ ಈ ಪ್ರಕಾರವನ್ನು ‘ವಕ್ಷೋಭೇದಿ’ ಎಂದು... ಬೇಡ, ಇದಕ್ಕೆ ಸಂಸ್ಕೃತದ ಮರ್ಯಾದೆ ಬೇಡ. 2000ದ ಶಬ್ದ ನಿಯಮ ವಸತಿ ಜಾಗಕ್ಕೆ ರಾತ್ರಿ 45 ಡೆಸಿಬೆಲ್ ಅನ್ನುತ್ತದೆ. ಹೋದ ಸಲ ನಮ್ಮ ಓಣಿಯಲ್ಲಿ ಹನ್ನೊಂದು ದಿನದ ಬಾಣಂತಿ ಕೂಸಿನ ಕಿವಿಗೆ ಎರಡೂ ಅಂಗೈ ಒತ್ತಿಕೊಂಡು ಕೂತಿದ್ದಳು. ಅವಳ ಕಿವಿಗೆ ಮೂರನೆಯ ಕೈ ಇರಲಿಲ್ಲ.

ಇದು ಕುಂದಗೋಳದ ಸೀಮೆ. ಖಾನ್‌ಸಾಹೇಬರ ಶಿಷ್ಯ ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ಇಲ್ಲಿದ್ದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬಂದದ್ದು ಇಲ್ಲಿಗೆ. ಇದೇ ತಾಲೂಕಿನ ಯಲಿವಾಳದವರು ಬಸವರಾಜ ರಾಜಗುರು. ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಹಾಡುವ ಪದ್ಧತಿ. ಅಪ್ಪ ಹರೆಯದಲ್ಲಿ ರಾತ್ರಿಯಿಡೀ ಅಲ್ಲಿ ಕೂತು, ಬೆಳಗ್ಗೆ ಸೀದಾ ಹೊಲಕ್ಕೆ ಹೋದವರು. ‘ಹಾಡಾವ್ರಿಗೂ ನಮಗೂ ನಡುವ ಒಂದ ಜಮಖಾನಿ ಇತ್ತಷ್ಟ. ಆಕಳಿಸಿದ್ರ ಅವರಿಗೆ ಕಾಣತಿತ್ತು, ಹಂಗಾಗಿ ಆಕಳಿಕಿನ ಬರತಿದ್ದಿಲ್ಲ’ ಅನ್ನುತ್ತಾರೆ. ಆ ಅಂತರವನ್ನು ಯಾವ ಹರ್ಟ್ಜಿನಲ್ಲಿ ಎತ್ತಬೇಕೋ ನನ್ನ ಅಧ್ಯಯನಕ್ಕೆ ಸಿಕ್ಕಿಲ್ಲ.

ಮೊನ್ನೆ ಸಂಜೆ ಕರೆಂಟು ಹೋಗಿತ್ತು. ಅಪ್ಪ ಮೊಬೈಲಿನಲ್ಲಿ ಅದೇ ಭೈರವಿ ಹಚ್ಚಿ, ಮೊಬೈಲನ್ನು ಹಿತ್ತಾಳಿ ತಂಬಿಗಿಯೊಳಗೆ ನಿಲ್ಲಿಸಿದರು. ತಂಬಿಗಿಯ ಹೊಟ್ಟೆ ನಡುದನಿಗಳನ್ನು ಎತ್ತಿಕೊಟ್ಟಿತು, ತಂತ್ರಜ್ಞಾನದ ಪ್ರಕಾರ ಶುದ್ಧ ಪುರಃಸರತೆ.

‘ಈಗ ಮುಂದ ಬಂದ್ರು ನೋಡು’ ಅಂದರು. ನಾನು ಪ್ರಾಕ್ಕಲ್ಪನೆ ವಿವರಿಸಲು ಬಾಯಿ ತೆರೆದೆ. ಅವರು ಸುಮ್ಮನಿರೆಂದು ಕೈ ಮಾಡಿ, ತಂಬಿಗಿಯನ್ನು ಇನ್ನೊಂದು ಗೇಣು ತಮ್ಮ ಕಡೆ ಸರಿಸಿಕೊಂಡರು.