ಹೋಳಿಗೆಗೆ ಗುಳಿಗೆಯ ಪರವಾನಗಿ

ಬಹರೈನಿನಲ್ಲಿ ನಮ್ಮವರ ಹಬ್ಬದೂಟದ ಪಂಕ್ತಿಯಲ್ಲಿ ಸಕ್ಕರೆ ಕಾಯಿಲೆಯವರನ್ನು ಗುರುತಿಸುವುದು ಸುಲಭ. ಎರಡು ಹೋಳಿಗೆ, ಅವು ಮುಳುಗುವಷ್ಟು ತುಪ್ಪ, ಪಾಯಸ ಎರಡು ಸಲ. ಎಲ್ಲ ಒಳಗಿಳಿದು ಕಾಫಿ ಬಂದಾಗ ಮಾತ್ರ ಕೂಗು ಏಳುತ್ತದೆ: "ಸಕ್ಕರೆ ಹಾಕ್ಬೇಡಿ ಮಾರಾಯ್ರೇ, ನಂಗೆ ಶುಗರ್ ಉಂಟು!" ಜೇಬಿನಿಂದ ಬಿಳಿ ಡಬ್ಬಿ ಹೊರಬರುತ್ತದೆ. ಅದರ ತಲೆ ಒತ್ತಿದರೆ ಟಕ್ಕೆಂದು ಕೃತಕ ಸಿಹಿಯ ಪುಟಾಣಿ ಗುಳಿಗೆ ಲೋಟಕ್ಕೆ ಬಿದ್ದು ಕರಗುತ್ತದೆ. ಹೋಳಿಗೆಯ ಪಾಪವೂ ಜೊತೆಗೇ ಕರಗಿತೆಂದು ಲೆಕ್ಕ.

ಈ ಡಬ್ಬಿಗೆ 2023ರಲ್ಲಿ ಗ್ರಹಚಾರ ಕೆಟ್ಟಿತ್ತು. ತೂಕ ಇಳಿಸಲು ಕೃತಕ ಸಿಹಿಯನ್ನು ನೆಚ್ಚಬೇಡಿ, ದೀರ್ಘಕಾಲದಲ್ಲಿ ಬೊಜ್ಜು ಇಳಿಯುವುದಿಲ್ಲ, ವರ್ಷಗಟ್ಟಲೆ ಬಳಸಿದವರಲ್ಲಿ ಟೈಪ್ 2 ಮಧುಮೇಹವೂ ಹೃದ್ರೋಗವೂ ಹೆಚ್ಚು ಕಂಡಿವೆ ಎಂದು ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕಾಯಿಲೆ ತಂದದ್ದು ಗುಳಿಗೆಯೋ, ಕಾಯಿಲೆಯ ಭಯವೇ ಗುಳಿಗೆ ತಂದದ್ದೋ ಎಂಬುದು ಇನ್ನೂ ತೀರ್ಮಾನವಾಗದ ವ್ಯಾಜ್ಯ. ಈ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸದು ಎಂದೂ ಅದರಲ್ಲಿತ್ತು. ನಮ್ಮ ಡಬ್ಬಿಯವರು ಓದಿದ್ದು ಆ ಒಂದೇ ಸಾಲು.

ಜುಲೈಯಲ್ಲಿ ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮ್ ಎಂಬ ಕೃತಕ ಸಿಹಿಯನ್ನು "ಕ್ಯಾನ್ಸರ್ ತರಬಹುದಾದ" ವಸ್ತುಗಳ 2ಬಿ ಪಟ್ಟಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಏಷ್ಯಾದ ಸಾಂಪ್ರದಾಯಿಕ ಉಪ್ಪೂರಿಸಿದ ತರಕಾರಿಗಳೂ ಮೊದಲಿನಿಂದ ಅಲ್ಲೇ ಕೂತಿವೆ. ಅದೇ ದಿನ ಇನ್ನೊಂದು ತಜ್ಞರ ಸಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. ಎಪ್ಪತ್ತು ಕಿಲೋ ತೂಗುವವರು ಅದನ್ನು ದಾಟಬೇಕಾದರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನ್ ಡಯಟ್ ಸೋಡಾ ಕುಡಿಯಬೇಕು. ವಾಟ್ಸ್ಯಾಪ್ ಗುಂಪಿಗೆ ಇಷ್ಟುದ್ದದ ಪುರಾಣ ಯಾಕೆ? "ಕ್ಯಾನ್ಸರ್" ಎಂಬ ಒಂದು ಪದ ಸಾಕಾಯಿತು. ಡಬ್ಬಿ ಕಸದ ಬುಟ್ಟಿಗೆ ಹೋಯಿತು, ಕರಕ್ ಚಹಾಕ್ಕೆ ಸಕ್ಕರೆ ಸಕಲ ಮರ್ಯಾದೆಯೊಂದಿಗೆ ಮರಳಿತು. ಸಕ್ಕರೆ ಆ ಪಟ್ಟಿಯಲ್ಲಿ ಇಲ್ಲವಲ್ಲ!

(ಅಂದ ಹಾಗೆ, ಈ ಕೃತಕ ಸಿಹಿಗಳಲ್ಲಿ ಕೆಲವು ಕೈ ತೊಳೆಯದವರ ಕೊಡುಗೆ. 1879ರಲ್ಲಿ ರಸಾಯನಶಾಸ್ತ್ರಜ್ಞ ಫಾಲ್ಬರ್ಗ್ ಪ್ರಯೋಗಾಲಯದ ಕೈಯಲ್ಲೇ ಊಟಕ್ಕೆ ಕೂತು ಸ್ಯಾಕರಿನ್ ಕಂಡುಕೊಂಡ. 1965ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. ನಮ್ಮಮ್ಮಂದಿರ ಕೈಗೆ ಸಿಕ್ಕಿದ್ದರೆ ಇಬ್ಬರಿಗೂ ಬೆನ್ನಿಗೆ ಬೀಳುತ್ತಿತ್ತು.)

ಡಯಟ್ ಸೋಡಾ ಪಂಗಡದ ಪುಣ್ಯವನ್ನು ಇಲ್ಲಿನ ಸರ್ಕಾರವೂ ಇದಕ್ಕೆಲ್ಲ ಮೊದಲೇ ಒಪ್ಪಿರಲಿಲ್ಲ. 2017ರ ಡಿಸೆಂಬರ್ 30ರಂದು ತಂಪು ಪಾನೀಯಗಳ ಮೇಲೆ ಶೇ. 50 ಅಬಕಾರಿ ಸುಂಕ ಬಿದ್ದಾಗ ಸಕ್ಕರೆಯದ್ದಕ್ಕೂ ಸಕ್ಕರೆ ಇಲ್ಲದ್ದಕ್ಕೂ ಒಂದೇ ಬರೆ. ಕೋಲ್ಡ್ ಸ್ಟೋರ್ ಅಂಗಡಿಯ ಮಲಯಾಳಿ ಹುಡುಗನ ಹತ್ತಿರ "ಇದು ಡಯಟ್ ಅಲ್ವಾ" ಎಂದು ವಾದಿಸಿದವರುಂಟು. ಸುಂಕದವನ ಮುಂದೆ ಸುಖದುಃಖ.

ಇನ್ನು ಊರಿಂದ ಬರುವವರು ತರುವ "ಶುಗರ್ ಫ್ರೀ" ಲಡ್ಡು. ಇಂಥವುಗಳಲ್ಲಿ ಹಲವಕ್ಕೆ ಮಾಲ್ಟಿಟಾಲ್ ಎಂಬ ಬದಲಿ ಸಿಹಿ ಹಾಕುತ್ತಾರೆ. ಅದರಲ್ಲಿ ಸಕ್ಕರೆಯ ಅರ್ಧದಷ್ಟು ಕ್ಯಾಲೊರಿ ಇದ್ದೇ ಇದೆ, ರಕ್ತದ ಸಕ್ಕರೆಯನ್ನೂ ಒಂದಿಷ್ಟು ಏರಿಸುತ್ತದೆ, ತುಪ್ಪ ಮತ್ತು ಕಡಲೆಹಿಟ್ಟಿನ ಮಾತಂತೂ ಬೇಡ. ಆದರೆ ಡಬ್ಬದ ಮೇಲೆ "ಫ್ರೀ" ಎಂದಿದೆ. ಫ್ರೀ ಎಂದರೆ ನಮ್ಮವರು ಒಂದಕ್ಕೆ ನಿಲ್ಲುವವರಲ್ಲ. ಮಾಲ್ಟಿಟಾಲ್ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ನೀರು ಎಳೆದುಕೊಂಡು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ ಮಾಡಿಸುತ್ತದೆ. ಹೆಚ್ಚು ತಿಂದರೆ ಭೇದಿಯಾದೀತು ಎಂಬ ಎಚ್ಚರಿಕೆ ಇರುವೆ ಗಾತ್ರದ ಅಕ್ಷರಗಳಲ್ಲಿರುತ್ತದೆ, ಕನ್ನಡಕ ಮಾತ್ರ ಇನ್ನೊಂದು ಅಂಗಿಯ ಜೇಬಿನಲ್ಲಿ.

ಈ ಅಡ್ಡಪರಿಣಾಮ ಸಾರಲು ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ ಬೇಕಿಲ್ಲ. ಗುದೈಬಿಯಾ ಬಡಾವಣೆಯ ಬ್ಯಾಚುಲರ್ ಫ್ಲ್ಯಾಟು, ಆರು ಜನಕ್ಕೊಂದೇ ಶೌಚಾಲಯ, ಬೆಳಿಗ್ಗೆ ಐದೂವರೆ, ಕೆಳಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ಬಾಗಿಲು ಬಡಿಯುವವನಿಗೆ ಒಳಗಿನಿಂದ ಉತ್ತರ ಬರುತ್ತದೆ: "ಅರ್ಜೆಂಟ್ ಮಾಡ್ಬೇಡ ಮಾರಾಯ, ನಾನೀಗ ಡಯಟಲ್ಲಿದ್ದೇನೆ!"